ಬ್ರೇಕ್ ಇಲ್ಲದ ಬೈಕ್, ಒಂದು ನಿಮಿಷದ ರೇಸ್: ಸ್ಪೀಡ್‌ವೇ ಸವಾರನ ಜೀವನ ನಡೆಯುವುದು ಹೇಗೆ?

ಪ್ರಶ್ನೆ: ಪೋಲೆಂಡ್‌ನಲ್ಲಿ ನಡೆದ ಸ್ಪೀಡ್‌ವೇ ರೇಸ್‌ನ ವಿಡಿಯೊ ನೋಡಿದೆ. ಬೈಕ್‌ಗೆ ಬ್ರೇಕೇ ಇರುವುದಿಲ್ಲವಂತೆ, ನಿಜವೇ? ಒಂದು ನಿಮಿಷದಲ್ಲಿ ಮುಗಿದುಹೋಗುವ ರೇಸನ್ನೇ ನಂಬಿಕೊಂಡು ಒಬ್ಬ ಸವಾರ ಹೊಟ್ಟೆ ಹೊರೆಯುವುದು ಹೇಗೆ? ಯಾವ ವಯಸ್ಸಿಗೆ ಶುರು, ಎಲ್ಲಿಯವರೆಗೆ? ಐವನ್ ಮೇಜರ್ ಆರು ಸಲ ವಿಶ್ವ ಚಾಂಪಿಯನ್ ಆದರು ಎಂದು ಓದಿದೆ, ಅವರಲ್ಲಿದ್ದ ವಿಶೇಷ ಏನು? ನನ್ನ ತಮ್ಮನ ಮಗನಿಗೆ ಈಗ 14. ಮಣ್ಣಲ್ಲಿ ಬೈಕ್ ಓಡಿಸುವ ಹುಚ್ಚು ಹತ್ತಿದೆ. ಅವನು ಈ ದಾರಿ ಹಿಡಿಯಬಹುದೇ?

ಉತ್ತರ:

ಬ್ರೇಕ್ ಇಲ್ಲ ಎನ್ನುವುದು ನಿಜ. ಗೇರ್ ಕೂಡ ಒಂದೇ. ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲ, ಲೈಟು, ಹಾರ್ನು, ಕಿಕ್ಕರ್ ಯಾವುದೂ ಇಲ್ಲ. ತಳ್ಳಿಯೇ ಸ್ಟಾರ್ಟ್ ಮಾಡಬೇಕು. 500 ಸಿಸಿಯ ಒಂದೇ ಸಿಲಿಂಡರ್‌ನ ಫೋರ್ ಸ್ಟ್ರೋಕ್ ಇಂಜಿನ್, ಕನಿಷ್ಠ 77 ಕೆ.ಜಿ. ತೂಕ, ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್ ಎಂಬ ಆಲ್ಕೋಹಾಲ್. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಸುಮಾರು ಎರಡೂವರೆ ಸೆಕೆಂಡು ಸಾಕು. ಅಂಡಾಕಾರದ ಮಣ್ಣಿನ ಟ್ರ್ಯಾಕ್, ನಾಲ್ವರು ಸವಾರರು, ನಾಲ್ಕು ಸುತ್ತು, ಯಾವಾಗಲೂ ಎಡಕ್ಕೇ ತಿರುವು. ಇದಕ್ಕೆ ಒಂದು ಹೀಟ್ ಎನ್ನುತ್ತಾರೆ. ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ಬ್ರೇಕ್ ಇಡದಿರುವುದು ಸುರಕ್ಷತೆಗಾಗಿಯೇ. ನಾಲ್ಕು ಬೈಕ್‌ಗಳು ಕೈಯಳತೆಯ ದೂರದಲ್ಲಿ ಒಟ್ಟಿಗೇ ತಿರುವಿಗೆ ನುಗ್ಗುವಾಗ ಮುಂದಿನವನು ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವನಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ವೇಗ ಇಳಿಸುವ ಕೆಲಸವನ್ನು ಹಿಂದಿನ ಚಕ್ರದ ಜಾರಾಟವೇ ಮಾಡುತ್ತದೆ. ತಿರುವಿಗೆ ಬರುತ್ತಿದ್ದಂತೆ ಸವಾರ ಬೈಕನ್ನು ಎಡಕ್ಕೆ ವಾಲಿಸಿ, ಆಕ್ಸಿಲರೇಟರ್ ಕೊಟ್ಟೇ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾನೆ, ಹ್ಯಾಂಡಲ್ ಬಲಕ್ಕೆ ತಿರುಗುತ್ತದೆ. ಎಡಗಾಲಿನ ಬೂಟಿಗೆ ಉಕ್ಕಿನ ಅಡಿಯೊಂದನ್ನು ಕಟ್ಟಿರುತ್ತಾರೆ, ಅದು ಮಣ್ಣಿನ ಮೇಲೆ ಜಾರುತ್ತಾ ಆಸರೆ ಕೊಡುತ್ತದೆ. ಹೊಸಬರು ಕೆಡುವುದು ಇಲ್ಲೇ. ಜಾರುತ್ತಿರುವಾಗ ಹೆದರಿಕೆಯಾಗಿ ಆಕ್ಸಿಲರೇಟರ್ ಪೂರ್ತಿ ಬಿಟ್ಟುಬಿಟ್ಟರೆ ಹಿಂದಿನ ಟೈರ್‌ಗೆ ಒಮ್ಮೆಲೇ ಹಿಡಿತ ಸಿಗುತ್ತದೆ, ವಾಲಿದ್ದ ಬೈಕ್ ನೆಟ್ಟಗೆ ಎದ್ದು ಸವಾರನನ್ನು ಬಲಗಡೆಗೆ, ಅಂದರೆ ಬೇಲಿಯ ಕಡೆಗೆ, ಎಸೆಯುತ್ತದೆ. ನಿಧಾನ ಮಾಡಬೇಕೆಂದರೆ ಆಕ್ಸಿಲರೇಟರನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಜಾರಾಟ ನಿಲ್ಲಬಾರದು. ಇದು ಮೈಗೆ ಹತ್ತಲು ಒಂದು ಸೀಸನ್ ಪೂರ್ತಿ ಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಈ ಆಟದಲ್ಲಿ ಯಾರ ವೃತ್ತಿ ಉಳಿಯುತ್ತದೆ, ಯಾರದು ಮುಗಿಯುತ್ತದೆ ಎನ್ನುವುದು ಬಹುಪಾಲು ಮೊದಲ ಮೂವತ್ತು ನಲವತ್ತು ಮೀಟರ್‌ಗಳಲ್ಲೇ ತೀರ್ಮಾನವಾಗುತ್ತದೆ. ಸುತ್ತು ಚಿಕ್ಕದು, ಮುಂದಿನವನ ಟೈರ್ ಎರಚುವ ಮಣ್ಣು ಹಿಂದಿನವನ ಮುಖಕ್ಕೇ ಬರುತ್ತದೆ, ಹಿಂದೆ ಹಾಕಲು ಇರುವ ಸಮಯ ಒಂದೇ ನಿಮಿಷ. ಮೊದಲ ತಿರುವಿಗೆ ಮುಂದೆ ಹೋದವನು ಅರ್ಧ ಗೆದ್ದಂತೆಯೇ. ಆದ್ದರಿಂದ ಧೈರ್ಯಕ್ಕಿಂತ ಸ್ಟಾರ್ಟ್‌ನ ಕೈಚಳಕ ಮತ್ತು ಸ್ಟಾರ್ಟ್‌ಗೆ ಮೊದಲಿನ ಸಿದ್ಧತೆ ಸವಾರನನ್ನು ಸಾಕುತ್ತವೆ.

ಸ್ಟಾರ್ಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡು ನಿಮಿಷದ ಗಡುವು ಕೊಟ್ಟ ಮೇಲೆ ಸವಾರರು ಗೇಟ್‌ಗೆ, ಅಂದರೆ ಹೊರಡುವ ಗೆರೆಯ ತಮ್ಮ ತಮ್ಮ ಜಾಗಕ್ಕೆ, ಬರುತ್ತಾರೆ. ಎದುರಿಗೆ ಅಡ್ಡಲಾಗಿ ಟೇಪ್ ಇರುತ್ತದೆ, ಅದು ಮೇಲೆ ಹಾರಿದರೆ ಓಟ ಶುರು. ಮೊದಲು ಮಾಡುವ ಕೆಲಸ ನೆಲ ಕೆದಕುವುದು. ತನ್ನ ಗೇಟ್‌ನ ಸಡಿಲ ಮಣ್ಣನ್ನು ಬೂಟಿನಿಂದ ಸರಿಸಿ, ಕೆಳಗಿನ ಗಟ್ಟಿ ನೆಲ ಸಿಗುವ ಹಾಗೆ ಹಿಂದಿನ ಚಕ್ರಕ್ಕೆ ಜಾಗ ಮಾಡಿಕೊಳ್ಳುತ್ತಾನೆ. ಆಮೇಲೆ ಎದೆ ಹ್ಯಾಂಡಲ್ ಮೇಲೆ, ಗಲ್ಲ ಮುಂದಿನ ಮಡ್‌ಗಾರ್ಡ್ ಕಡೆಗೆ. ಮೈಭಾರ ಮುಂದೆ ಇಲ್ಲದಿದ್ದರೆ ಮುಂದಿನ ಚಕ್ರ ಏಳುತ್ತದೆ. ಎದ್ದರೆ ಆಕ್ಸಿಲರೇಟರ್ ಇಳಿಸದೆ ಗತಿಯಿಲ್ಲ, ಇಳಿಸಿದರೆ ಬೈಕಿನ ಅರ್ಧ ಉದ್ದ ಹೋಯಿತು. ಇಂಜಿನ್‌ಗೆ ರೇಸ್ ಕೊಟ್ಟು ಅದೇ ಮಟ್ಟದಲ್ಲಿ ಹಿಡಿದಿರಬೇಕು, ಕ್ಲಚ್ ಕಚ್ಚಲು ಶುರುವಾಗುವ ಜಾಗವನ್ನು ಬೆರಳು ಕಾಯುತ್ತಿರಬೇಕು. ಟೇಪ್ ಮೇಲೆ ಹಾರಿದ ಕ್ಷಣ ಕ್ಲಚ್ ಬಿಡುವುದು. ಒಮ್ಮೆಗೇ ಪೂರ್ತಿ ಬಿಟ್ಟರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ನಿಧಾನವಾಗಿ ಬಿಟ್ಟರೆ ಪಕ್ಕದವನು ಹೋಗಿಬಿಟ್ಟಿರುತ್ತಾನೆ. ಟೇಪ್ ಏಳುವ ಮೊದಲು ಮುಟ್ಟಿದರೆ ಆ ಹೀಟ್‌ನಿಂದ ಹೊರಗೆ, ಬ್ರಿಟನ್‌ನಂಥ ಕಡೆ 15 ಮೀಟರ್ ಹಿಂದಿನಿಂದ ಹೊರಡಬೇಕಾದ ಶಿಕ್ಷೆಯೂ ಉಂಟು.

ಟೇಪ್ ಮುಟ್ಟಿದವರೆಲ್ಲ ಆತುರಗಾರರು ಎಂದುಕೊಳ್ಳಬೇಡಿ. ಅನೇಕ ಸಲ ತಪ್ಪು ಕ್ಲಚ್‌ನದು. ಒಂದೊಂದು ಸ್ಟಾರ್ಟ್‌ನಲ್ಲೂ ಪ್ಲೇಟ್‌ಗಳು ಕಾದು ಹೋಗುತ್ತವೆ, ಸವೆದ ಪುಡಿ ಒಳಗೆ ತುಂಬುತ್ತದೆ. ಕಾದ ಪ್ಲೇಟ್ ಸ್ವಲ್ಪ ಸೊಟ್ಟಗಾದರೂ ಲಿವರ್ ಪೂರ್ತಿ ಹಿಡಿದಾಗಲೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಬೈಕ್ ಇಂಚಿಂಚಾಗಿ ಮುಂದಕ್ಕೆ ತೆವಳುತ್ತದೆ. ಆದ್ದರಿಂದಲೇ ಹೀಟ್ ಮುಗಿಸಿ ಬಂದ ಕೂಡಲೇ ಮೆಕ್ಯಾನಿಕ್ ಕ್ಲಚ್ ಬಿಚ್ಚಿ ಪ್ಲೇಟ್ ಒರೆಸಿ, ಬೇಕಾದರೆ ಬದಲಿಸಿ, ಸ್ಪ್ರಿಂಗ್‌ಗಳ ಬಿಗಿ ಎಲ್ಲ ಕಡೆ ಒಂದೇ ಸಮ ಇದೆಯೇ ಎಂದು ನೋಡಿಯೇ ಮತ್ತೆ ಮುಚ್ಚುವುದು.

ಗೇರ್ ಒಂದೇ ಆದ್ದರಿಂದ ಟ್ರ್ಯಾಕ್‌ಗೆ ತಕ್ಕಂತೆ ಬದಲಿಸುವುದು ಚೈನ್ ಕೂರುವ ಹಲ್ಲಿನ ಚಕ್ರಗಳಾದ ಸ್ಪ್ರಾಕೆಟ್‌ಗಳನ್ನು. ಹಿಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಹೆಚ್ಚಾದರೆ ಎಳೆತ ಹೆಚ್ಚು, ಗರಿಷ್ಠ ವೇಗ ಕಡಿಮೆ. ಒಂದು ಹಲ್ಲು ಇಳಿಸಿದರೆ ಸ್ಟಾರ್ಟ್ ಸ್ವಲ್ಪ ಮಂದ, ಉದ್ದನೆಯ ನೇರದಲ್ಲಿ ಲಾಭ. ಟ್ರ್ಯಾಕ್ ಒಣಗಿ ಜಾರುತ್ತಿರುವಾಗ ಎಳೆತ ಹೆಚ್ಚಿಸಿದರೆ ಚಕ್ರ ಸುಮ್ಮನೆ ಸುತ್ತುತ್ತದೆ, ಆಗ ಹಲ್ಲು ಇಳಿಸುವುದೇ ಸರಿ. ನೀರು ಹಾಕಿ ಮಣ್ಣು ಭಾರವಾಗಿದ್ದರೆ ಇದಕ್ಕೆ ತದ್ವಿರುದ್ಧ. ಸಂಜೆ ಏಳಕ್ಕೆ ಶುರುವಾದ ಪಂದ್ಯ ಒಂಬತ್ತಕ್ಕೆ ಮುಗಿಯುವಷ್ಟರಲ್ಲಿ ಒಳಗಿನ ಸಡಿಲ ಮಣ್ಣು ಹೊರಗಿನ ಬೇಲಿಯ ಬದಿಗೆ ಸರಿದಿರುತ್ತದೆ, ಮೊದಲ ಹೀಟ್‌ನಲ್ಲಿ ಒಳಗಿನ ಗೇಟ್ ಚೆನ್ನಾಗಿದ್ದರೆ ಹತ್ತನೆಯ ಹೀಟ್‌ಗೆ ಹೊರಗಿನ ಗೆರೆಯೇ ವೇಗದ್ದಾಗಿರಬಹುದು. ಇದನ್ನು ಎಲ್ಲರಿಗಿಂತ ಒಂದು ಹೀಟ್ ಮುಂಚೆ ಓದಿದ ಸವಾರನಿಗೆ ಹೊಸ ಇಂಜಿನ್ ಕೊಂಡಷ್ಟೇ ಲಾಭ.

ಮೆಥನಾಲ್ ಬಗ್ಗೆ ಎರಡು ಮಾತು, ಏಕೆಂದರೆ ಇಂಜಿನ್ ಹಾಳಾಗುವುದು ಹೆಚ್ಚಾಗಿ ಇದರ ಅಜ್ಞಾನದಿಂದ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಹೆಚ್ಚು ಕಡಿಮೆ 14.7 ಕೆ.ಜಿ. ಗಾಳಿ ಬೇಕು, ಮೆಥನಾಲ್‌ಗೆ ಸುಮಾರು 6.4 ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಇಂಧನ ಹೋಗಬೇಕು, ಕಾರ್ಬೊರೇಟರ್‌ನಲ್ಲಿ ಇಂಧನ ಬಿಡುವ ರಂಧ್ರವಾದ ಜೆಟ್ ದೊಡ್ಡದಿರಬೇಕು. ಅದು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಇಂಜಿನ್ನನ್ನು ತಂಪಾಗಿಡುತ್ತದೆ, ಹಾಗಾಗಿಯೇ ಪೆಟ್ರೋಲ್ ತಾಳಲಾರದಷ್ಟು ಕಂಪ್ರೆಷನ್ ಇಡಲು ಸಾಧ್ಯ. ಜೆಟ್ ಸಣ್ಣದಾಗಿ ಇಂಧನ ಸಾಲದೆ ಬಂದರೆ ಪಿಸ್ಟನ್ ತಲೆ ಕರಗುತ್ತದೆ. ರಾತ್ರಿ ತಣ್ಣಗಾದಂತೆ ಗಾಳಿ ದಟ್ಟವಾಗುವುದರಿಂದ ಮಧ್ಯಾಹ್ನದ ಜೆಟ್ ರಾತ್ರಿಗೆ ಸಾಲದೆ ಹೋಗಬಹುದು. ಮೆಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಕಾರ್ಬೊರೇಟರ್‌ನಲ್ಲಿ ಬಿಟ್ಟರೆ ಬಿಳಿ ಪುಡಿ ಕಟ್ಟಿ ಜೆಟ್ ಮುಚ್ಚಿಹೋಗುತ್ತದೆ. ಪಂದ್ಯ ಮುಗಿದ ರಾತ್ರಿಯೇ ಟ್ಯಾಂಕ್, ಪೈಪ್, ಕಾರ್ಬೊರೇಟರ್ ಖಾಲಿ ಮಾಡಿ ತೊಳೆಯಬೇಕು. ಹಗಲಿನಲ್ಲಿ ಇದರ ಬೆಂಕಿ ಕಣ್ಣಿಗೇ ಕಾಣುವುದಿಲ್ಲ, ಕುಡಿದರೆ ಕಣ್ಣು ಮತ್ತು ಪ್ರಾಣ ಎರಡಕ್ಕೂ ಅಪಾಯ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೈಗವಸು ಹಾಕಿಕೊಳ್ಳದೆ ಮುಟ್ಟಬಾರದು.

ಇದೆಲ್ಲದರ ಖರ್ಚು ಸವಾರನದೇ. ಹೊರಗಿನವರಿಗೆ ತಿಳಿಯದ ಸಂಗತಿ ಇದು. ಕ್ರಿಕೆಟ್ ಆಟಗಾರನ ಹಾಗೆ ಕ್ಲಬ್ ಸಂಬಳ ಕೊಟ್ಟು, ಸಾಮಾನು ಕೊಟ್ಟು, ಬಸ್ಸಲ್ಲಿ ಕರೆದುಕೊಂಡು ಹೋಗುವುದಿಲ್ಲ. ಸವಾರ ಸ್ವಂತ ವ್ಯಾಪಾರಿ. ಬೈಕು, ಬಿಡಿ ಇಂಜಿನ್ನು, ಟೈರು, ವ್ಯಾನು, ಮೆಕ್ಯಾನಿಕ್‌ನ ಸಂಬಳ, ಇಂಜಿನ್ ಹದಗೊಳಿಸುವ ಟ್ಯೂನರ್‌ನ ಬಿಲ್ಲು ಎಲ್ಲ ಅವನದು. ಪ್ರತಿಯಾಗಿ ಗಳಿಸಿದ ಒಂದೊಂದು ಅಂಕಕ್ಕೂ ಇಷ್ಟು ಎಂದು ದುಡ್ಡು. ತನ್ನ ತಂಡದವನ ಹಿಂದೆಯೇ, ಎದುರಾಳಿಗಿಂತ ಮುಂದೆ, ಗುರಿ ಮುಟ್ಟಿದರೆ ಒಂದು ಬೋನಸ್ ಅಂಕ. ಅದು ತಂಡದ ಮೊತ್ತಕ್ಕೆ ಸೇರದಿದ್ದರೂ ಅದಕ್ಕೂ ಹಣ ಸಿಗುತ್ತದೆ. ಜೊತೆಗಾರನನ್ನು ಹಿಂದೆ ಹಾಕಲು ಹೋಗಿ ಇಬ್ಬರೂ ಬೀಳದಿರಲಿ ಎಂಬ ಕಾರಣಕ್ಕೆ ಮಾಡಿದ ಒಳ್ಳೆಯ ಏರ್ಪಾಡು. ಪೋಲೆಂಡ್‌ನ ದೊಡ್ಡ ಕ್ಲಬ್‌ಗಳು ಸೀಸನ್ ಶುರುವಿಗೆ ಮುಂಗಡವನ್ನೂ ಕೊಡುತ್ತವೆ. ಜಗತ್ತಿನಲ್ಲೇ ಹೆಚ್ಚು ಹಣ ಇರುವುದು ಅಲ್ಲಿನ ಮೊದಲ ದರ್ಜೆಯ ಲೀಗ್ ಆದ ಎಕ್ಸ್‌ಟ್ರಾಲಿಗಾದಲ್ಲಿ. ಬಿದ್ದು ಕಾಲು ಮುರಿದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಆದಾಯವಿಲ್ಲ, ಆದರೆ ವ್ಯಾನಿನ ಕಂತು ನಿಲ್ಲುವುದಿಲ್ಲ.

ಬ್ರಿಟನ್‌ನ ಲೀಗ್‌ನಲ್ಲಿ ಸರಾಸರಿ ಲೆಕ್ಕ ಹಾಕುವ ಕ್ರಮ ಸವಾರನ ಹಣೆಬರಹವನ್ನೇ ಬರೆಯುತ್ತದೆ. ಬೋನಸ್ ಸೇರಿ ಒಟ್ಟು ಅಂಕವನ್ನು ಓಡಿದ ಹೀಟ್‌ಗಳಿಂದ ಭಾಗಿಸಿ ನಾಲ್ಕರಿಂದ ಗುಣಿಸುತ್ತಾರೆ. 40 ಹೀಟ್‌ನಲ್ಲಿ 80 ಅಂಕ ಗಳಿಸಿದವನ ಸರಾಸರಿ 8.00. ಎಲ್ಲ ಗೆದ್ದವನದು 12.00. ತಂಡ ಕಟ್ಟುವಾಗ ಎಲ್ಲ ಸವಾರರ ಸರಾಸರಿಗಳ ಮೊತ್ತ ಇಂತಿಷ್ಟು ಮೀರಬಾರದು ಎಂಬ ಮಿತಿ ಇರುತ್ತದೆ. ಹೀಗಾಗಿ ಒಬ್ಬ ಹುಡುಗ ಚೆನ್ನಾಗಿ ಓಡಿಸಿ 6ರಿಂದ 8ಕ್ಕೆ ಏರಿದರೆ ಅದೇ ಕ್ಲಬ್‌ಗೆ ಮುಂದಿನ ವರ್ಷ ಅವನು ಹೊಂದದೇ ಹೋಗಬಹುದು. ಏರಿದವನು ಊರು ಬದಲಿಸಬೇಕು, ಇಳಿದವನಿಗೆ ಕೆಲವೊಮ್ಮೆ ಕೆಲಸ ಸುಲಭವಾಗಿ ಸಿಗುತ್ತದೆ. ತಂಡಗಳನ್ನು ಸಮಬಲದಲ್ಲಿಡಲು ಈ ನಿಯಮ ಬೇಕು, ನಿಜ. ಆದರೂ 22 ವರ್ಷದ ಸವಾರನ ಬೆಳವಣಿಗೆಗೆ ಇದು ಅನ್ಯಾಯ ಮಾಡುತ್ತದೆ ಎನ್ನುವುದೇ ನನ್ನ ಅಭಿಪ್ರಾಯ.

ಅಂಕಕ್ಕೆ ದುಡ್ಡು ಎಂದಮೇಲೆ ಹೆಚ್ಚು ಪಂದ್ಯ ಎಂದರೆ ಹೆಚ್ಚು ಗಳಿಕೆ. ಆದ್ದರಿಂದ ಮೇಲ್ಮಟ್ಟದ ಸವಾರನ ವಾರ ಹೀಗಿರುತ್ತದೆ: ವಾರದ ಕೊನೆಯಲ್ಲಿ ಪೋಲೆಂಡ್, ವಾರದ ನಡುವೆ ಸ್ವೀಡನ್ ಅಥವಾ ಡೆನ್ಮಾರ್ಕ್, ಕೆಲವರಿಗೆ ಬ್ರಿಟನ್ ಕೂಡ. ಒಂದೊಂದು ದೇಶದಲ್ಲೂ ಒಂದು ಜೊತೆ ಬೈಕು, ಒಬ್ಬ ಮೆಕ್ಯಾನಿಕ್. ಸವಾರ ವಿಮಾನದಲ್ಲಿ ಓಡಾಡಿದರೆ ಇಂಜಿನ್‌ಗಳು ವ್ಯಾನಿನಲ್ಲಿ ರಾತ್ರಿಯೆಲ್ಲ ಹೆದ್ದಾರಿಯಲ್ಲಿ. ಇಂಜಿನ್‌ಗಳನ್ನು ನಿಗದಿತ ಹೀಟ್‌ಗಳಾದ ಮೇಲೆ ಟ್ಯೂನರ್ ಬಳಿ ಬಿಚ್ಚಿಸಲೇಬೇಕು. ಪೋಲೆಂಡ್‌ನ ರಿಶಾರ್ಡ್ ಕೊವಾಲ್ಸ್ಕಿ, ಡೆನ್ಮಾರ್ಕ್‌ನ ಫ್ಲೆಮಿಂಗ್ ಗ್ರಾವರ್ಸನ್, ಬ್ರಿಟನ್‌ನ ಪೀಟರ್ ಜಾನ್ಸ್ ಅವರಂಥ ಟ್ಯೂನರ್‌ಗಳ ಹೆಸರು ಸವಾರರಷ್ಟೇ ಕೇಳಿಬರುತ್ತದೆ. ಇಟಲಿಯ ಜಿಎಂ ಮತ್ತು ಚೆಕ್ ದೇಶದ ಜಾವಾ ಕಂಪನಿಗಳ ಇಂಜಿನ್‌ಗಳೇ ಹಲವು ದಶಕ ಈ ಆಟವನ್ನು ಆಳಿವೆ. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಮೂಲ ಮನೆ ಅದೇ ಚೆಕ್ ಜಾವಾ.

ಐವನ್ ಮೇಜರ್ ಅವರ ಬದುಕನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅರ್ಥವಾಗುತ್ತದೆ. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ 1939ರಲ್ಲಿ ಹುಟ್ಟಿದವರು. 1957ರಲ್ಲಿ, ಇನ್ನೂ 17ರ ಹುಡುಗ, ಹೆಂಡತಿ ರೇ ಜೊತೆ ಲಂಡನ್‌ಗೆ ಬಂದು ವಿಂಬಲ್ಡನ್ ತಂಡ ಸೇರಿದರು. ಆದರೆ ಓಡಿಸಲು ಸಿಕ್ಕ ಅವಕಾಶ ಅತ್ಯಲ್ಪ. ಯಶಸ್ಸಿಲ್ಲದೆ ವಾಪಸ್ಸು ಹೋದರು. ಬಹಳ ಜನರ ಕಥೆ ಅಲ್ಲಿಗೇ ಮುಗಿಯುತ್ತದೆ. ಇವರು ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಟ್ರ್ಯಾಕ್‌ಗಳಲ್ಲಿ ಕೈ ಪಳಗಿಸಿಕೊಂಡು 1963ರಲ್ಲಿ ಮತ್ತೆ ಬಂದರು. ಈ ಸಲ ಲಂಡನ್ನಿನ ದೊಡ್ಡ ಕ್ಲಬ್‌ಗೆ ಹೋಗದೆ ಎರಡನೇ ದರ್ಜೆಯ ಪ್ರಾವಿನ್ಶಿಯಲ್ ಲೀಗ್‌ನ ನ್ಯೂಕ್ಯಾಸಲ್‌ಗೆ. ಅದು ಸರಿಯಾದ ನಿರ್ಧಾರ. ದೊಡ್ಡ ತಂಡದ ಬೆಂಚಿನಲ್ಲಿ ಕೂತು ವಾರಕ್ಕೊಂದು ಹೀಟ್ ಓಡಿಸುವುದಕ್ಕಿಂತ ಸಣ್ಣ ತಂಡದ ಮುಂದಾಳಾಗಿ ಪಂದ್ಯವೊಂದಕ್ಕೆ ನಾಲ್ಕೈದು ಸ್ಟಾರ್ಟ್ ತೆಗೆದುಕೊಳ್ಳುವವನು ಬೇಗ ಕಲಿಯುತ್ತಾನೆ. ಸ್ಟಾರ್ಟ್ ಕಲಿಯಲು ಸ್ಟಾರ್ಟ್‌ಗಳೇ ಬೇಕು, ಬೇರೆ ದಾರಿ ಇಲ್ಲ.

ಮೊದಲ ವಿಶ್ವ ಪ್ರಶಸ್ತಿ ಬಂದದ್ದು 1968ರಲ್ಲಿ, ಲಂಡನ್‌ಗೆ ಮೊದಲ ಸಲ ಕಾಲಿಟ್ಟ ಹನ್ನೊಂದು ವರ್ಷಕ್ಕೆ. ಆಮೇಲೆ 1969, 1970, 1972, 1977, 1979. ಆ ಕಾಲದಲ್ಲಿ ಚಾಂಪಿಯನ್‌ಷಿಪ್ ಒಂದೇ ರಾತ್ರಿಯ ಫೈನಲ್: 16 ಸವಾರರು, 20 ಹೀಟ್, ಪ್ರತಿಯೊಬ್ಬನಿಗೂ ಐದು ಓಟ, ಪ್ರತಿಯೊಬ್ಬ ಎದುರಾಳಿಯೊಂದಿಗೂ ಒಂದೇ ಸಲ ಮುಖಾಮುಖಿ. ಐದರಲ್ಲಿ ಒಂದು ಸ್ಟಾರ್ಟ್ ಕೆಟ್ಟರೆ ಇಡೀ ವರ್ಷ ಹೋಯಿತು. ಅಂಥ ಪದ್ಧತಿಯಲ್ಲಿ ಮೂರು ವರ್ಷ ಸತತವಾಗಿ ಗೆದ್ದ ಮೊದಲಿಗರು ಅವರು. ಗೇಟ್‌ನಿಂದ ಮೊದಲು ಹೊರಬರುವುದರಲ್ಲಿ ಆ ಕಾಲದಲ್ಲಿ ಅವರಿಗೆ ಸಮ ಇರಲಿಲ್ಲ. ಬೈಕು, ಉಡುಪು, ಸಮಯ, ನಿದ್ದೆ ಎಲ್ಲವನ್ನೂ ವೃತ್ತಿಯ ಭಾಗವೆಂದೇ ಎಣಿಸಿದರು. ಹಿಂದಿನ ಪೀಳಿಗೆಯ ಎಷ್ಟೋ ಸವಾರರಿಗೆ ಆ ಶಿಸ್ತು ಹೊಸದು. 1970ರಲ್ಲಿ ಪೋಲೆಂಡ್‌ನ ವ್ರೊತ್ಸ್ವಾಫ್‌ನಲ್ಲಿ ಮೂರನೆಯ ಸಲ ಗೆದ್ದ ಬೈಕಿಗೆ ಇಬ್ಬರು ಅಮೆರಿಕನ್ ಅಭಿಮಾನಿಗಳು ಮಾತು ಕೊಟ್ಟಂತೆ ಚಿನ್ನದ ಲೇಪ ಹಾಕಿಸಿದರು.

ಸೋಲುಗಳೂ ಗಮನಿಸಬೇಕಾದವೇ. ಮೇಜರ್ ನಡೆಸಿದ ತರಬೇತಿ ಶಿಬಿರದಲ್ಲಿ ಕಲಿತ ಡೆನ್ಮಾರ್ಕ್‌ನ ಓಲೆ ಓಲ್ಸನ್ 1971ರಲ್ಲಿ ಗುರುವನ್ನೇ ಎರಡನೆಯ ಸ್ಥಾನಕ್ಕೆ ತಳ್ಳಿ ಚಾಂಪಿಯನ್ ಆದರು. 1973ರಲ್ಲಿ ಪೋಲೆಂಡ್‌ನ ಸೈಲೀಸಿಯನ್ ಸ್ಟೇಡಿಯಂನಲ್ಲಿ ಯೆಜಿ ಶ್ಚಾಕಿಯೆಲ್ ಜೊತೆ ಅಂಕ ಸಮವಾಗಿ, ತೀರ್ಮಾನದ ಓಟದಲ್ಲಿ ಮೇಜರ್ ಬಿದ್ದರು. ಹಿಂದೆ ಬಿದ್ದು ಹಿಂದೆ ಹಾಕಲು ಹೋಗುವುದು ಅವರಂಥವರಿಗೂ ಎಷ್ಟು ದುಬಾರಿ ಎನ್ನುವುದಕ್ಕೆ ಇದೇ ಸಾಕ್ಷಿ. ಆರು ವರ್ಷದ ಮೇಲೆ ಅದೇ ಸ್ಟೇಡಿಯಂನಲ್ಲಿ, 39ನೇ ವಯಸ್ಸಿನಲ್ಲಿ, ಕೊನೆಯ ಪ್ರಶಸ್ತಿ ಗೆದ್ದರು. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ತೀರಿಕೊಂಡರು. ಆರು ಪ್ರಶಸ್ತಿಗಳ ಲೆಕ್ಕವನ್ನು ಸ್ವೀಡನ್‌ನ ಟೋನಿ ರಿಕಾರ್ಡ್‌ಸನ್ 2005ರಲ್ಲಿ ಸರಿಗಟ್ಟಿದರು, ಪೋಲೆಂಡ್‌ನ ಬಾರ್ತೊಷ್ ಜ್ಮಾರ್ಜ್ಲಿಕ್ 2025ರಲ್ಲಿ.

ವಯಸ್ಸಿನ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಅಮೆರಿಕದ ಗ್ರೆಗ್ ಹ್ಯಾನ್‌ಕಾಕ್ 2016ರಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 46. ಪೋಲೆಂಡ್‌ನ ತೊಮಾಷ್ ಗೊಲ್ಲೊಬ್ 2010ರಲ್ಲಿ 39ರಲ್ಲಿ ಗೆದ್ದರು. ಓಟ ಒಂದೇ ನಿಮಿಷದ್ದಾದ್ದರಿಂದ ದಮ್ಮು ಮುಗಿಯುವ ಭಯ ಕಡಿಮೆ, ಸ್ಟಾರ್ಟ್‌ನ ಕೈ ಮತ್ತು ಟ್ರ್ಯಾಕ್ ಓದುವ ಕಣ್ಣು ವಯಸ್ಸಾದಂತೆ ಇನ್ನಷ್ಟು ಹರಿತವಾಗುತ್ತವೆ. ಬಹುತೇಕರ ವೃತ್ತಿ ನಿಲ್ಲಿಸುವುದು ಗಾಯ. ಕಾಲರ್ ಬೋನ್, ಮಣಿಕಟ್ಟು, ಕಣಕಾಲು ಮುರಿಯುವುದನ್ನು ಸವಾರರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 2015ರಲ್ಲಿ ಪೋಲೆಂಡ್‌ನಲ್ಲಿ ಬಿದ್ದು, 23ನೇ ವಯಸ್ಸಿಗೇ ಬೆನ್ನುಹುರಿಯ ಪೆಟ್ಟಿನಿಂದ ಗಾಲಿಕುರ್ಚಿಗೆ ಬಂದರು. ಬ್ರಿಟನ್‌ನ ಲೀ ರಿಚರ್ಡ್‌ಸನ್ 2012ರಲ್ಲಿ ವ್ರೊತ್ಸ್ವಾಫ್‌ನ ಪಂದ್ಯದಲ್ಲಿ ಬೇಲಿಗೆ ಬಡಿದು ಪ್ರಾಣ ಕಳೆದುಕೊಂಡರು. ತಿರುವುಗಳಲ್ಲಿ ಗಾಳಿ ತುಂಬಿದ ಬೇಲಿ, ಬೆನ್ನಿನ ಕವಚ, ಸವಾರ ಬಿದ್ದ ಕೂಡಲೇ ಇಂಜಿನ್ ನಿಲ್ಲಿಸುವ ಮಣಿಕಟ್ಟಿನ ದಾರ, ಇವೆಲ್ಲ ಅಪಾಯವನ್ನು ಇಳಿಸಿವೆ, ಇಲ್ಲವಾಗಿಸಿಲ್ಲ. ಮನೆಯವರು ಇದನ್ನು ತಿಳಿದೇ ಒಪ್ಪಬೇಕು.

ಇನ್ನು ನಿಮ್ಮ ಹುಡುಗ. 14 ಎನ್ನುವುದು ಯುರೋಪಿನ ಲೆಕ್ಕದಲ್ಲಿ ಮುಂಚಿತ ವಯಸ್ಸಲ್ಲ. ಅಲ್ಲಿ ಮಕ್ಕಳು ಹತ್ತರ ಆಸುಪಾಸಿಗೇ ಸಣ್ಣ ಬೈಕ್‌ಗಳಲ್ಲಿ ಶುರು ಮಾಡಿ, 250 ಸಿಸಿ ದಾಟಿ, 16ರ ಹೊತ್ತಿಗೆ 500 ಸಿಸಿಗೆ ಬರುತ್ತಾರೆ. ಆದರೂ ತಡವಾಗಿಲ್ಲ. ಮರುಭೂಮಿಯ ಡಕಾರ್ ರ‍್ಯಾಲಿಯಲ್ಲಿ ಓಡಿಸಿದ ಬೆಂಗಳೂರಿನ ಸವಾರ ಸಿ.ಎಸ್. ಸಂತೋಷ್ ಅವರ ಬಿಗ್ ರಾಕ್ ಡರ್ಟ್ ಪಾರ್ಕ್ ಕೋಲಾರದ ಕಡೆ ಇದೆ, ಮಣ್ಣಿನ ಮೇಲೆ ಬೈಕ್ ಹಿಡಿಯುವುದನ್ನು ಕ್ರಮವಾಗಿ ಕಲಿಯಲು ಅಂಥ ಜಾಗಕ್ಕೆ ಕಳಿಸಿ. ಅಲ್ಲಿ ಫ್ಲಾಟ್ ಟ್ರ್ಯಾಕ್ (ಮಟ್ಟಸವಾದ ಮಣ್ಣಿನ ಸುತ್ತುದಾರಿಯ ರೇಸ್) ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅದರ ಬೈಕಿಗೆ ಗೇರು, ಹಿಂದಿನ ಬ್ರೇಕು ಇರುತ್ತವೆ, ಸ್ಪೀಡ್‌ವೇಗೂ ಅದಕ್ಕೂ ವ್ಯತ್ಯಾಸ ಬಹಳ. ಆದರೆ ಎಡಗಾಲು ನೆಲದ ಮೇಲೆ ಇಟ್ಟು, ಹಿಂದಿನ ಚಕ್ರ ಜಾರಿಸಿ, ಹೆದರದೆ ಆಕ್ಸಿಲರೇಟರ್ ಹಿಡಿದಿರುವುದನ್ನು ಕಲಿಸುವುದರಲ್ಲಿ ಅದಕ್ಕಿಂತ ಹತ್ತಿರದ್ದು ಇಲ್ಲ. ಸಾರ್ವಜನಿಕ ರಸ್ತೆಯಲ್ಲಿ ಮಾತ್ರ ಅವನಿಗೆ ಬೈಕ್ ಕೊಡಬೇಡಿ, ಲೈಸೆನ್ಸ್‌ನ ವಯಸ್ಸಾಗಿಲ್ಲ. ಸ್ಪರ್ಧೆಗೆ ಇಳಿಯುವಾಗ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐನಿಂದ ಸ್ಪರ್ಧಾ ಲೈಸೆನ್ಸ್ ಮಾಡಿಸಿಕೊಳ್ಳಿ.

ಎರಡು ವರ್ಷ ಹೀಗೆ ಕಳೆದ ಮೇಲೂ ಹುಚ್ಚು ಇಳಿಯದಿದ್ದರೆ ಬ್ರಿಟನ್‌ನ ಸ್ಕನ್‌ಥೋರ್ಪ್‌ನಂಥ ಕಡೆ ಇರುವ ಅಭ್ಯಾಸದ ಟ್ರ್ಯಾಕ್‌ಗೆ ಒಂದು ರಜೆಯಲ್ಲಿ ಕರೆದುಕೊಂಡು ಹೋಗಿ ನೋಡಬಹುದು. ಬೈಕು ಕೊಳ್ಳುವ ಮಾತು ಅದಾದ ಮೇಲೆ, ಅದೂ ಸೆಕೆಂಡ್ ಹ್ಯಾಂಡ್ ಸಾಕು. ಕೊಳ್ಳುವಾಗ ಇಂಜಿನ್ ಬಿಚ್ಚಿಸಿ ಕ್ರ್ಯಾಂಕ್‌ನ ಬೇರಿಂಗ್ ನೋಡಿ, ಹ್ಯಾಂಡಲ್ ಕೂರುವ ಜಾಗದಲ್ಲಿ ಫ್ರೇಮ್‌ನ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ನೋಡಿ. ಇಂಜಿನ್ ಕೊನೆಯ ಸಲ ಬಿಚ್ಚಿದ ಮೇಲೆ ಎಷ್ಟು ಹೀಟ್ ಓಡಿದೆ ಎಂದು ಕೇಳಿ, ಲೆಕ್ಕ ಬರೆದಿಟ್ಟಿರದ ಸವಾರನಿಂದ ಕೊಳ್ಳಬೇಡಿ. ಅಷ್ಟರೊಳಗೆ ಹುಡುಗನಿಗೆ ಮನೆಯ ಹಳೆಯ ಬೈಕಿನ ಕ್ಲಚ್ ಬಿಚ್ಚಿ ಜೋಡಿಸುವುದು, ಚೈನ್ ಸ್ಪ್ರಾಕೆಟ್ ಬದಲಿಸುವುದು, ಕಾರ್ಬೊರೇಟರ್ ತೊಳೆಯುವುದು ಬರುವಂತಾಗಲಿ. ಮೊದಲ ಕೆಲವು ಸೀಸನ್ ಅವನ ಮೆಕ್ಯಾನಿಕ್ ಅವನೇ ಆಗಿರುತ್ತಾನೆ.